ಸುವಡಿಗೊಬ್ಬಳು ಸೊಸೆ

ನಮ್ಮ ಮಾವನವರು ಸೊಸೆ ಹುಡುಕಿದ್ದು ಮಗನಿಗಾಗಿ ಅಲ್ಲವೇ ಅಲ್ಲ! ಈ ಮಾತನ್ನು ನಮ್ಮವರ ಎದುರಿಗೇ ಹೇಳುತ್ತೇನೆ, ಅವರೂ ಹೌದೆಂದು ತಲೆಯಾಡಿಸುತ್ತಾರೆ. ಮಗ ಇನ್ನಷ್ಟು ವರ್ಷ ಹಾಗೇ ಇದ್ದಿದ್ದರೂ ಮಾವನವರ ನಿದ್ದೆಯೇನೂ ಕೆಡುತ್ತಿರಲಿಲ್ಲ. ಅವರು ಸೊಸೆ ಹುಡುಕಿದ್ದು ಒಂದು ಪುಸ್ತಕಕ್ಕಾಗಿ. ಅದನ್ನು ಓದಿ ಹೇಳುವವರೊಬ್ಬರು ಮನೆಗೆ ಬೇಕಾಗಿತ್ತು. ಹಾಗೆ ಬಂದವಳು ಮಗನಿಗೆ ಹೆಂಡತಿಯೂ ಆಗುವುದಾದರೆ ಆಗಲಿ, ಅದಕ್ಕೆ ಅವರ ಅಡ್ಡಿಯೇನೂ ಇರಲಿಲ್ಲ.

ನಂಬಿಕೆ ಬರುವುದಿಲ್ಲವೇ? ಹೆಣ್ಣು ನೋಡಲು ಬಂದ ದಿನದ ಕಥೆ ಕೇಳಿ. ಅವರು ಬಂದದ್ದು ತಮಿಳುನಾಡಿನ ವೆಳ್ಳಕೋಯಿಲಿನಿಂದ, ಕೊಳ್ಳೇಗಾಲದ ನಮ್ಮ ಮನೆಗೆ. ಅವರೂ ನೇಕಾರರು, ನಾವೂ ನೇಕಾರರು. ಅವರ ಮನೆಯಲ್ಲಿ ಎಷ್ಟೋ ತಲೆಮಾರಿನಿಂದ ಆಡುವ ಮಾತು ಕನ್ನಡ, ಆದರೆ ಓದು ಬರಹವೆಲ್ಲ ತಮಿಳು. ಕನ್ನಡದ ಒಂದಕ್ಷರವೂ ಅಲ್ಲಿ ಯಾರಿಗೂ ಬಾರದು. ನನಗೋ ಕನ್ನಡ ಬಿ.ಎ. ಆಗಿತ್ತು. ರೇಷ್ಮೆ ನೇಯುವ ನಮ್ಮಪ್ಪ, ತಾನು ಓದಲಾಗದಿದ್ದರೂ ಮಗಳು ಓದಲಿ ಎಂದು ಓದಿಸಿದ್ದರು. ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದು ಕೇಳಬಹುದೆಂದು ನಮ್ಮಮ್ಮ ಎರಡಕ್ಕೂ ನನ್ನನ್ನು ತಯಾರು ಮಾಡಿ ಕೂರಿಸಿದ್ದರು. ಮಾವನವರು ಬಜ್ಜಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕೇಳಿದ್ದು ಒಂದೇ ಪ್ರಶ್ನೆ.

“ಅಮ್ಮಿಣಿ, ಕನ್ನಡ ಓದಕ್ಕೆ ಬತ್ತದಾ?”

ಅಮ್ಮಿಣಿ ಎಂದರೆ ಕೊಯಮತ್ತೂರು ಸೀಮೆಯಲ್ಲಿ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಕರೆಯುವ ಮಾತು ಎಂದು ಆಗ ನನಗೇನು ಗೊತ್ತು? ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ಹಿಂದೆ ತಿರುಗಿ ನೋಡಿದೆ. ಆಮೇಲೆ “ಬರುತ್ತೆ” ಎಂದೆ. ತಕ್ಷಣ ಪರೀಕ್ಷೆ ಶುರು! ಬಜ್ಜಿ ಕಟ್ಟಿ ತಂದಿದ್ದ ಪೇಪರ್ ಓದಿಸಿದರು. ಗೋಡೆಯ ಕ್ಯಾಲೆಂಡರ್ ಓದಿಸಿದರು. ನಮ್ಮಜ್ಜನ ಕಾಲದ ಒಂದು ಲಗ್ನಪತ್ರಿಕೆ ಸಿಕ್ಕಿತು, ಅದನ್ನೂ ಓದಿಸಿದರು. ತಾವು ಒಂದಕ್ಷರ ಅರಿಯದಿದ್ದರೂ ಮೂಗಿನ ಮೇಲೆ ಕನ್ನಡಕ ಇಳಿಸಿಕೊಂಡು, ಪ್ರತಿ ಸಾಲಿಗೂ “ಸರಿ, ಸರಿ” ಎಂದು ಮಾರ್ಕ್ಸ್ ಕೊಡುತ್ತಿದ್ದರು. ನಮ್ಮಪ್ಪ ಮೆಲ್ಲಗೆ ಅಮ್ಮನ ಕಿವಿಯಲ್ಲಿ, “ಇವ್ರು ನೋಡ್ತಾ ಇರೋದು ಸೊಸೇನಾ, ಗುಮಾಸ್ತೇನಾ?” ಎಂದರು. ಹುಡುಗ ಪಾಪ, ಮೂಲೆಯಲ್ಲಿ ಕುಳಿತು ಬಜ್ಜಿ ತಿನ್ನುತ್ತಿದ್ದರು. ಅವರನ್ನು ನಾನೂ ನೋಡಲಿಲ್ಲ, ನನ್ನನ್ನು ನೋಡಲು ಅವರಿಗೂ ಪುರಸೊತ್ತು ಸಿಗಲಿಲ್ಲ. ಮದುವೆ ನಿಶ್ಚಯವಾಯಿತು.

ಮದುವೆಯ ಗಲಾಟೆ ಮುಗಿದು ಮನೆ ಖಾಲಿಯಾದ ಮಾರನೆಯ ಬೆಳಿಗ್ಗೆಯೇ ಮಾವನವರು ನನ್ನನ್ನು ಮಣೆಯ ಮೇಲೆ ಕೂರಿಸಿದರು. ಒಳಗಿನಿಂದ ಕೆಂಪು ರೇಷ್ಮೆಯಲ್ಲಿ ಸುತ್ತಿದ ಗಂಟೊಂದನ್ನು ಕೂಸಿನ ಹಾಗೆ ಎತ್ತಿಕೊಂಡು ಬಂದರು. ಬಿಚ್ಚಿದರೆ, ಎರಡು ಮರದ ಹಲಗೆಗಳ ನಡುವೆ ಮಗ್ಗದ ನೂಲಿನಿಂದ ಹೊಲಿದ ದಪ್ಪ ಕಾಗದಗಳು. ಇಂಥ ಹಳೆಯ ಹೊತ್ತಿಗೆಗೆ ಅವರು ಹೇಳುವುದು ಸುವಡಿ ಎಂದು.

“ನಮ್ಮ ಸುವಡಿ. ರೊಂಬ ಹಳೇದು. ನಮ್ಮ ತಾತನ ತಾತಂದಿರು ಕನ್ನಡ ಸೀಮೆ ಬಿಟ್ಟು ತರಿ ಹೊತ್ಕೊಂಡು ಬರುವಾಗ ತಂದಿದ್ದು. ಓದಮ್ಮಿಣಿ!”

ರೊಂಬ ಎಂದರೆ ಬಹಳ, ತರಿ ಎಂದರೆ ಮಗ್ಗ. ನಾನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ಮೊದಲ ಹಾಳೆ ತೆರೆದೆ. ತೆರೆದವಳು ಹಾಗೇ ಕೂತೆ. ಅದು ಕನ್ನಡವೇ ಅಲ್ಲ! ಹಳಗನ್ನಡವೂ ಅಲ್ಲ, ಮೋಡಿ ಲಿಪಿಯೂ ಅಲ್ಲ. ಕೊಕ್ಕೆಗಳು, ಬಾಲವಿರುವ ಸೊನ್ನೆಗಳು, ಕೋಳಿ ಕಾಲಿನ ಗುರುತುಗಳು, ಅಲ್ಲಲ್ಲಿ ಮೀನಿನಂಥದೇನೋ. ಆದರೆ ಸಾಲು ಮಾತ್ರ ದಾರ ಹಿಡಿದು ಬರೆದಷ್ಟು ನೇರ. ಪುಸ್ತಕವನ್ನು ತಲೆಕೆಳಗು ಮಾಡಿದೆ. ಬೆಳಕಿಗೆ ಹಿಡಿದೆ. ಬೆವರತೊಡಗಿದೆ. ಹೊಸ ಸೊಸೆ ಹಾಲು ಉಕ್ಕಿಸಿದರೆ, ಸಾರಿಗೆ ಉಪ್ಪು ಮರೆತರೆ ಸಮಾಧಾನ ಹೇಳುವವರಿದ್ದಾರೆ. ಇದಕ್ಕೆ ಯಾರು ಹೇಳುತ್ತಾರೆ?

“ಮಾವ, ಇದು ಕನ್ನಡ ಅಲ್ಲ...”

“ಪಯಣ ಮಾಡಿ ಬಂದಿದೀಯ, ಕಣ್ಣು ಸೋತದೆ. ಅವಸರ ಇಲ್ಲ, ನಾಳೆ ಓದು” ಎಂದರು ಮಾವ, ಒಂದಿಷ್ಟೂ ಬೇಸರವಿಲ್ಲದೆ.

ನಾಳೆಯೂ ಅದೇ ಕಥೆ. ಮರುದಿನ ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು! ಡಾಕ್ಟರು ಎಲ್ಲ ನೋಡಿ, ಕಣ್ಣು ಚೆನ್ನಾಗಿಯೇ ಇದೆ ಎಂದರು. “ಅವರ ಮೆಷಿನ್ ಸರಿಯಿಲ್ಲ” ಎಂದು ಮಾವನವರು ದಾರಿಯುದ್ದಕ್ಕೂ ಗೊಣಗಿದರು. ಆವತ್ತಿನಿಂದ ನನ್ನ ಬೆಳಗಿನ ಹಾಲಿಗೆ ನೆನೆಸಿದ ಬಾದಾಮಿ ಬೀಳತೊಡಗಿತು. ಓದು ಮುಂದಕ್ಕೆ ಹೋಗಲಿಲ್ಲ, ನಾನು ಮಾತ್ರ ದಪ್ಪಗಾದೆ. ತವರಿಗೆ ಹೋದಾಗ ಎಲ್ಲರೂ, “ಮಾವ ಚೆನ್ನಾಗಿ ನೋಡ್ಕೋತಾರೆ ಅಂತ ಕಾಣುತ್ತೆ” ಎಂದು ಸಂತೋಷಪಟ್ಟರು.

ಸುವಡಿಯನ್ನು ಓದಲು ಬರುವವರು ಯಾರೂ ಇಲ್ಲದಿದ್ದರೂ, ಅದು ಎಲ್ಲಿಂದ ಬಂತು ಎಂದು ಹೇಳಲು ಬರುವವರು ಬೇಕಾದಷ್ಟು ಜನ ಇದ್ದರು. ಮಾವನವರ ವಾದ ಕೇಳಿದಿರಲ್ಲ? ಇದಕ್ಕೆ ಎದುರಾಳಿ ಅವರ ಒಡಹುಟ್ಟಿದ ಅಕ್ಕ. ಅಮರಾವತಿ ಹೊಳೆಯ ದಡದ ಧಾರಾಪುರಂಗೆ ಮದುವೆಯಾಗಿ ಹೋದವರು. ಅವರನ್ನು ನಾನೂ ಸೇರಿದಂತೆ ಮನೆಯವರೆಲ್ಲ ಕರೆಯುವುದೇ ಧಾರಾಪುರಂ ಅಕ್ಕ ಎಂದು. ಆಕೆಯ ಪ್ರಕಾರ ಸುವಡಿ ಅವರ ಅತ್ತೆಮನೆಯ ಆಸ್ತಿ. ಒಂದು ಸಲ ಹೊಳೆ ತುಂಬಿ ಮನೆಗೆ ನೀರು ನುಗ್ಗಿದಾಗ, ಒಣಗಲಿ ಎಂದು ತವರಿಗೆ ಕಳಿಸಿದ್ದು, ತಮ್ಮ ಇಟ್ಟುಕೊಂಡುಬಿಟ್ಟ!

“ನೋಡು, ನೀರು ಕುಡಿದ ಗುರುತು. ಹೊಳೆ ನೀರು” ಎಂದು ಆಕೆ ಹಾಳೆಯ ಮೇಲಿನ ಕಲೆ ತೋರಿಸುತ್ತಿದ್ದರು.

“ಅದು ಹೊಳೆ ನೀರಲ್ಲ ಅಕ್ಕಾ, ಗಂಜಿ. ನಮ್ಮ ತಾತ ನೂಲಿಗೆ ಗಂಜಿ ಹಾಕ್ತಾ ಹಾಕ್ತಾ ಓದ್ತಿದ್ರು” ಎನ್ನುವರು ಮಾವ.

“ತಾತಂಗೆ ಓದು ಎಲ್ಲಿ ಬರ್ತಿತ್ತು?”

“ನೋಡ್ತಿದ್ರು, ಬಿಡು!”

ಇಬ್ಬರೂ ಸೇರಿ ಹಾಳೆಯನ್ನು ಮೂಗಿಗೆ ಹಿಡಿದು, ಹೊಳೆಯೋ ಗಂಜಿಯೋ ಎಂದು ಮೂಸುತ್ತಿದ್ದ ದೃಶ್ಯವನ್ನು ನೀವು ನೋಡಬೇಕಿತ್ತು. ಇದನ್ನೆಲ್ಲ ಕೇಳುತ್ತ ಬೀನ್ಸ್ ಹೆಚ್ಚುತ್ತಿದ್ದ ನಮ್ಮತ್ತೆಯನ್ನು ನಾನೊಮ್ಮೆ ಗುಟ್ಟಾಗಿ ಕೇಳಿದೆ, ನಿಜ ಏನು ಎಂದು. ಅತ್ತೆ ತಲೆಯೆತ್ತಲಿಲ್ಲ.

“ನಾನು ಮದುವೆಯಾಗಿ ಬಂದಾಗ ಅದನ್ನ ಅಟ್ಟದ ಮೇಲೆ ಉಪ್ಪಿನಕಾಯಿ ಜಾಡಿ ಅಲ್ಲಾಡದ ಹಂಗೆ ಕೆಳಗೆ ಕೊಟ್ಟಿದ್ರು. ಅದನ್ನ ಎಳ್ಕೊಂಡ ದಿನ ಜಾಡಿ ಬಿದ್ದು ಒಡೆದೋಯ್ತು. ನಂಗೆ ಅಷ್ಟೇ ಗೊತ್ತು.”

ಹಾಗಾದರೆ ಆ ಕಲೆ? ಉಪ್ಪಿನಕಾಯಿಯದೇ ಇರಬೇಕು! ಆದರೆ ಇದನ್ನು ಮಾವನವರ ಮುಂದೆ ಹೇಳುವ ಧೈರ್ಯ ಯಾರಿಗಿದೆ?

ಇಷ್ಟರಲ್ಲಿ ನಮ್ಮವರು ಒಂದು ಉಪಾಯ ಹೂಡಿದರು. ಮೊಬೈಲಿನ ಕ್ಯಾಮೆರಾ ತೋರಿಸಿದರೆ ಯಾವ ಭಾಷೆಯನ್ನಾದರೂ ಅದು ತಮಿಳಿಗೆ ತಿರುಗಿಸುತ್ತದಂತೆ. ಸುವಡಿಯ ಮೇಲೆ ಮೊಬೈಲ್ ಹಿಡಿದರು. ಅದು ಬಹಳ ಹೊತ್ತು ಗರಗರ ತಿರುಗಿ, ಕೊನೆಗೆ “ಬುಧವಾರ... ಕೋಳಿ... ಬಾಗಿಲು...” ಎಂದು ತೋರಿಸಿತು. ಮಾವನವರ ಆನಂದಕ್ಕೆ ಪಾರವೇ ಇಲ್ಲ! ಬುಧವಾರ ಕೋಳಿ ಬಲಿ ಕೊಟ್ಟರೆ ಯಾವುದೋ ಬಾಗಿಲು ತೆರೆಯುತ್ತದೆ, ನಿಧಿಯದೋ ಮೋಕ್ಷದ್ದೋ ತಿಳಿಯಬೇಕಷ್ಟೇ ಎಂದರು. ಆವತ್ತು ಬುಧವಾರವೇ ಆಗಿತ್ತು. ಯಾವ ಬಾಗಿಲೂ ತೆರೆಯಲಿಲ್ಲ, ಆದರೆ ಮಧ್ಯಾಹ್ನಕ್ಕೆ ಭರ್ಜರಿ ಕೋಳಿಸಾರು ಆಯಿತು. ಹೆಚ್ಚು ಬಡಿಸಿಕೊಂಡವರು ನಮ್ಮವರು. ಮೊಬೈಲಿಗೆ ಅವರೇ ಏನಾದರೂ ಹೇಳಿಕೊಟ್ಟಿದ್ದರೋ ಎಂಬ ಅನುಮಾನ ನನಗೆ ಇವತ್ತಿಗೂ ಇದೆ.

ಮೊಬೈಲ್ ಆದಮೇಲೆ ಪ್ರೊಫೆಸರ್. ಕೊಯಮತ್ತೂರಿನ ಪೀಳಮೇಡಿನ ಒಂದು ಕಾಲೇಜಿನಲ್ಲಿ ಹಳೆಯ ಲಿಪಿಗಳನ್ನು ಬಲ್ಲವರೊಬ್ಬರಿದ್ದಾರೆ ಎಂದು ಯಾರೋ ಹೇಳಿದರು. ಹೊರಟೆವು, ಮಾವ, ನಾನು, ಸುವಡಿ. ಬಸ್ಸಿನಲ್ಲಿ ಕಂಡಕ್ಟರ್ ಗಂಟನ್ನು ಮೇಲಿಡಿ ಎಂದಾಗ ಮಾವನವರು, “ಇದು ಲಗೇಜ್ ಅಲ್ಲ ತಂಬಿ, ಪೆರಿಯವರು” ಎಂದರು. ಕಂಡಕ್ಟರ್ ಗಂಟಿನೊಳಗೆ ಯಾವ ಹಿರಿಯರಿದ್ದಾರೋ, ಎಂಥ ಸ್ಥಿತಿಯಲ್ಲಿದ್ದಾರೋ ಎಂದು ಹೆದರಿ ಮತ್ತೆ ಆ ಕಡೆಗೇ ಬರಲಿಲ್ಲ.

ಪ್ರೊಫೆಸರ್ ಒಳ್ಳೆಯವರು. ಭೂತಗನ್ನಡಿ ಹಿಡಿದು ಹಾಳೆ ಹಾಳೆ ನೋಡಿದರು. ತಮಿಳಲ್ಲ, ಕನ್ನಡವಲ್ಲ, ತೆಲುಗಲ್ಲ, ಗ್ರಂಥ ಲಿಪಿಯೂ ಅಲ್ಲ ಎಂದರು. ಗುಟ್ಟು ಯಾರಿಗೂ ತಿಳಿಯದಿರಲೆಂದು ಯಾರೋ ತಾವೇ ಕಟ್ಟಿಕೊಂಡ ಬರಹವಿರಬಹುದು, ಇಲ್ಲವೇ ಅರ್ಥವೇ ಇಲ್ಲದೆ ಸುಮ್ಮನೆ ಆಟಕ್ಕೆ ಬರೆದದ್ದೂ ಇರಬಹುದು, ನೂರು ವರ್ಷವಾಗಿದೆಯೋ ಇಲ್ಲವೋ ಅದನ್ನೂ ಹೇಳಲಾರೆ ಎಂದು ಪ್ರಾಮಾಣಿಕವಾಗಿ ಕೈ ಮುಗಿದರು.

ಮಾವನವರಿಗೆ ಸಿಟ್ಟು ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಅವರ ಮುಖ ಇಷ್ಟಗಲ ಅರಳಿತು!

“ಸಾರ್, ನೀವು ಡಾಕ್ಟರೇಟ್ ಮಾಡಿದೋರು. ನಿಮ್ಮಿಂದಲೂ ಓದಕ್ಕಾಗಲಿಲ್ಲ. ನಮ್ಮ ಅಮ್ಮಿಣಿ ಬರೀ ಬಿ.ಎ. ಅವಳಿಂದಲೂ ಓದಕ್ಕಾಗಲಿಲ್ಲ. ಅಂದ್ರೆ ನೀವಿಬ್ರೂ ಒಂದೇ ಸಮ!”

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕ ಕುಳಿತವರಿಗೆಲ್ಲ ಇದನ್ನೇ ಹೇಳಿದರು. ಊರು ಮುಟ್ಟುವಷ್ಟರಲ್ಲಿ ನಾನು ಪ್ರೊಫೆಸರಿಗಿಂತ ಒಂದು ಮೆಟ್ಟಿಲು ಮೇಲಕ್ಕೇ ಹೋಗಿದ್ದೆ.

ನಗುವ ಮಾತು ಇಲ್ಲಿಯವರೆಗೆ. ಇನ್ನು ಮುಂದಿನದು ಆಗ ನನಗೆ ನಗುವಂಥದ್ದಾಗಿರಲಿಲ್ಲ. ನಮ್ಮ ನೆಂಟರಲ್ಲಿ ಒಂದು ಸುದ್ದಿ ಹಬ್ಬತೊಡಗಿತ್ತು. ಸುವಡಿ ಕನ್ನಡದ್ದೇ, ಅದರಲ್ಲಿ ಅವರಿಗಾರಿಗೂ ಸಂಶಯವಿಲ್ಲ. ಕನ್ನಡದವರ ಮನೆಯ ಪುಸ್ತಕ ಇನ್ನೇನಾಗಿರುತ್ತದೆ? ಹಾಗಿದ್ದ ಮೇಲೆ ಓದಲು ಬಾರದಿದ್ದರೆ ತಪ್ಪು ಯಾರದು? ಸೊಸೆಯದು! “ಕೊಳ್ಳೇಗಾಲದವರು ಓದು ಬರದ ಹುಡುಗೀನ ಬಿ.ಎ. ಅಂತ ಹೇಳಿ ಏಮಾತ್ತಿಬಿಟ್ರು” ಎಂದರು. ಏಮಾತ್ತುವುದು ಎಂದರೆ ಮೋಸ ಮಾಡುವುದು. ನನಗೆ ಓದು ಬರುತ್ತದೆ ಎಂದು ಯಾರಿಗೆ, ಹೇಗೆ ತೋರಿಸಲಿ? ಕನ್ನಡದ ಯಾವ ಪುಸ್ತಕ ತೆಗೆದು ಓದಿದರೂ, ಸರಿಯೋ ತಪ್ಪೋ ಹೇಳಬಲ್ಲವರು ಅಲ್ಲಿ ಒಬ್ಬರೂ ಇರಲಿಲ್ಲ. ಸರ್ಟಿಫಿಕೇಟು ತೋರಿಸಿದೆ. ಅದನ್ನೂ ಓದಲು ಬಾರದೆ, ಫೋಟೋ ಚೆನ್ನಾಗಿ ಬಂದಿದೆ ಎಂದರು.

ರೇಷ್ಮೆ ನೂಲು ಕೊಳ್ಳಲು ಕೊಳ್ಳೇಗಾಲಕ್ಕೆ ಹೋದ ನೆಂಟರೊಬ್ಬರ ಬಾಯಿಂದ ಈ ಮಾತು ನಮ್ಮಪ್ಪನ ಕಿವಿಗೂ ಬಿತ್ತು. ಅಪ್ಪ ಫೋನ್ ಮಾಡಿದರು. “ಏನವ್ವಾ, ನಿಂಗೆ ಓದಕ್ಕೇ ಬರಲ್ವಂತೆ?” ಎಂದು ನಕ್ಕರು. ಆ ನಗು ನನಗೆ ಚೆನ್ನಾಗಿ ಗೊತ್ತು. ಜೋರು ನೋವಾದಾಗಲೇ ಅವರು ಹಾಗೆ ನಗುವುದು. ಆವತ್ತು ನಾನು ಅಡುಗೆಮನೆಯಲ್ಲಿ ಕುಳಿತು ಅತ್ತುಬಿಟ್ಟೆ.

ಸರಿಯಾಗಿ ಅದೇ ಹೊತ್ತಿಗೆ ಆಯುಧಪೂಜೆ ಬಂತು. ಆವತ್ತು ನಮ್ಮಲ್ಲಿ ಪವರ್‌ಲೂಮ್‌ಗಳೆಲ್ಲ ನಿಲ್ಲುತ್ತವೆ. ಅವುಗಳಿಗೆ ಹೂವು ಮುಡಿಸಿ ಕುಂಕುಮ ಹಚ್ಚಿ, ಜೊತೆಗೆ ಮನೆಯಲ್ಲಿರುವ ಪುಸ್ತಕಗಳನ್ನೆಲ್ಲ ದೇವರ ಮುಂದೆ ಒಟ್ಟಿ ಪೂಜೆ ಮಾಡುತ್ತಾರೆ. ಪೂಜೆಗಿಟ್ಟ ಪುಸ್ತಕವನ್ನು ಆ ದಿನ ಯಾರೂ ಮುಟ್ಟಿ ಓದುವಂತಿಲ್ಲ. ಮಾರನೆಯ ದಿನ, ವಿಜಯದಶಮಿಗೆ, ಪ್ರತಿಯೊಬ್ಬರೂ ತಮ್ಮ ಪುಸ್ತಕದಿಂದ ಒಂದು ಸಾಲಾದರೂ ಓದಲೇಬೇಕು. ಮಾವನವರು ಇಷ್ಟು ವರ್ಷವೂ ಅಕ್ಕನಿಂದ ತಪ್ಪಿಸಿಕೊಂಡಿದ್ದು ಈ ಪದ್ಧತಿಯಿಂದಲೇ! ಪೂಜೆಗೆ ಬಂದ ಅಕ್ಕ ಸುವಡಿ ಓದಿಸು ಎಂದರೆ, “ಇವತ್ತು ಓದಬಾರದಕ್ಕಾ” ಎನ್ನುತ್ತಿದ್ದರು. ಓದುವ ದಿನ ಬರುವಷ್ಟರಲ್ಲಿ ಅಕ್ಕ ಧಾರಾಪುರಂ ಬಸ್ ಹತ್ತಿರುತ್ತಿದ್ದರು.

ಈ ಸಲ ಅಕ್ಕ ಬದಲಿ ಸೀರೆ ತಂದಿದ್ದರು. ನೆಂಟರೆಲ್ಲರ ಎದುರಿಗೆ ಹೇಳಿದರು, “ನಾಳೇನೂ ಇಲ್ಲೇ ಇರ್ತೀನಿ. ಕನ್ನಡ ಓದೋ ಸೊಸೆ ತಂದಿದೀಯಲ್ಲ, ಓದಿಸು. ಒಂದು ಗೆರೆ ಓದಿದ್ರೆ ಸುವಡಿ ನಿಂದು. ಇಲ್ಲಾಂದ್ರೆ ನಂದು.”

ವಿಜಯದಶಮಿಯ ಬೆಳಿಗ್ಗೆ ಮಾವನವರು ಮಗ್ಗದ ಮನೆಯಲ್ಲಿ ಒಬ್ಬರೇ ಇದ್ದರು. ನಾನು ಹೋಗಿ ನಿಂತೆ.

“ಮಾವ, ನಾನು ಏನಾದ್ರೂ ಓದಿಬಿಡ್ತೀನಿ. ಯಾರಿಗೆ ಗೊತ್ತಾಗುತ್ತೆ?”

“ಏನ್ ಓದ್ತೀಯ?”

ನಾನಾಗಲೇ ಕಟ್ಟಿಟ್ಟುಕೊಂಡಿದ್ದೆ. ಹಳೆಯ ಕಾಲದ ಧಾಟಿಯಲ್ಲಿ ಒಪ್ಪಿಸಿದೆ. “ನಮ್ಮ ಕುಲದ ಹಿರಿಯರು ಮಗ್ಗವ ಹೊತ್ತು, ಮಕ್ಕಳ ಎತ್ತಿಕೊಂಡು, ತೆಂಕಣ ದಿಕ್ಕಿಗೆ ನಡೆದು ಬಂದು, ಈ ನೆಲದಲ್ಲಿ ನಿಂತು ನೆಯ್ದರು. ನಮ್ಮ ಮಾತು ನಮ್ಮ ಮನೆಯಲ್ಲಿ ಬಾಳಲಿ.”

ಮಾವನವರ ಕಣ್ಣು ತುಂಬಿಬಂತು. ಜೀವಮಾನವಿಡೀ ಆ ಸುವಡಿಯ ಬಾಯಲ್ಲಿ ಅವರು ಕೇಳಬೇಕೆಂದಿದ್ದದ್ದು ಇದನ್ನೇ. “ಇನ್ನೊಂದ್ಸಲ ಹೇಳು” ಎಂದರು. ಹೇಳಿದೆ. ಹೆಗಲ ಟವಲಿನಿಂದ ಮುಖ ಒರೆಸಿಕೊಂಡು, “ರೊಂಬ ಚೆನ್ನಾಗಿದೆ” ಎಂದರು. ಆಮೇಲೆ ಟವಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, “ಬೇಡಮ್ಮಿಣಿ” ಎಂದರು.

“ಯಾಕೆ ಮಾವ?”

“ನೀನು ಇದ ಓದಿದ್ರೆ ಎಲ್ಲಾರೂ ನಿಂಗೆ ಓದು ಬತ್ತದೆ ಅಂತಾರೆ. ಆದ್ರೆ ನಿಂಗೆ ಗೊತ್ತಿರ್ತದೆ, ಓದಲಿಲ್ಲ ಅಂತ. ನಿಮ್ಮಪ್ಪ ನಿನ್ನ ಓದಿಸಿದ್ದು ಹಿಂಗೆ ಪೊಯ್ ಓದಕ್ಕಾ?”

ಪೊಯ್ ಎಂದರೆ ಸುಳ್ಳು. ನಾನು ಒಳಗೆ ಬಂದೆ. ಇವತ್ತು ನನ್ನ ಮಾನ ಹೋಯಿತು, ಅಪ್ಪನ ಮಾನವೂ ಹೋಯಿತು, ಇವರ ಸುವಡಿಯೂ ಹೋಯಿತು ಎಂದುಕೊಂಡೆ.

ಪಡಸಾಲೆ ತುಂಬ ಜನ. ಅಕ್ಕ ಮುಂದೆಯೇ ಕುಳಿತಿದ್ದರು. ನಮ್ಮವರು ಒಂದು ಹಳೆಯ ತಮಿಳು ಪುಸ್ತಕದಿಂದ ಸಾಲೊಂದನ್ನು ಪಟಪಟ ಓದಿ ಮುಗಿಸಿದರು. ಈಗ ಎಲ್ಲರ ಕಣ್ಣೂ ನನ್ನ ಮೇಲೆ. ಮಾವನವರು ದೇವರ ಮುಂದಿನಿಂದ ಸುವಡಿ ಎತ್ತಿಕೊಂಡರು. ನನ್ನ ಕೈಗೇ ಕೊಡುತ್ತಾರೆಂದುಕೊಂಡೆ. ಅವರು ನನ್ನನ್ನು ದಾಟಿ ಹೋಗಿ, ಅದನ್ನು ಅಕ್ಕನ ಮಡಿಲಲ್ಲಿ ಇಟ್ಟರು.

“ತಗೋ ಅಕ್ಕಾ. ನಿಂದೇ.”

ಅಕ್ಕ ಕಕ್ಕಾಬಿಕ್ಕಿ. ಇಷ್ಟು ವರ್ಷ ಜಗಳವಾಡಿ ಗಳಿಸಬೇಕೆಂದಿದ್ದದ್ದು ಹೀಗೆ ಮಡಿಲಿಗೇ ಬಂದು ಬಿದ್ದರೆ ಯಾರಿಗೆ ತಾನೆ ಗಾಬರಿಯಾಗದು? “ಓದಿಸಲ್ವಾ?” ಎಂದರು.

“ಓದಿಸಲ್ಲ. ಸುವಡಿ ಯಾರದಾದ್ರೂ ಆಗಲಿ ಅಕ್ಕಾ. ಅದ್ರಿಂದ ನಮ್ಮನೆ ಹೆಣ್ಣುಮಗಳು ನಾಲ್ಕು ಜನರ ಮುಂದೆ ತಲೆ ತಗ್ಗಿಸೋದು ನಂಗೆ ಬೇಡ.”

ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಕೂಸಿನಂತೆ ನೋಡಿಕೊಂಡ ಪುಸ್ತಕವದು. ಕೆಂಪು ರೇಷ್ಮೆಯನ್ನೂ ಮಡಿಸಿ ಅದರ ಮೇಲೆಯೇ ಇಟ್ಟರು. ಆಮೇಲೆ ಒಳಗೆ ಹೋಗಿ ತಾವೇ ಒಂದು ತಟ್ಟೆಯಲ್ಲಿ ಅಕ್ಕಿ ಹರಡಿಕೊಂಡು ಬಂದು ನನ್ನ ಮುಂದೆ ಇಟ್ಟು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. ವಿಜಯದಶಮಿಗೆ ಚಿಕ್ಕ ಮಕ್ಕಳಿಗೆ ಅಕ್ಕಿಯಲ್ಲಿ ಬೆರಳು ಹಿಡಿದು ಅಕ್ಷರ ತೀಡಿಸುತ್ತಾರಲ್ಲ, ಹಾಗೆ ತಮ್ಮ ಬಲಗೈಯ ತೋರುಬೆರಳನ್ನು ನನ್ನ ಕಡೆಗೆ ಚಾಚಿದರು.

“ಸುರು ಮಾಡಮ್ಮಿಣಿ. ನಮ್ಮ ಮಾತಿನ ಅಕ್ಷರ ನಂಗೂ ಬೇಕು.”

ಯಾರೋ ನಗಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಎಪ್ಪತ್ತರ ಹತ್ತಿರದ ಮನುಷ್ಯ, ಆ ಊರಿನಲ್ಲಿ ನಾಲ್ಕು ಜನ ಕೈಮುಗಿಯುವಂಥವರು. ಸೊಸೆ ಮಾವನ ಬೆರಳು ಹಿಡಿಯುವುದೆಂದರೇನು! ನಾನು ಅತ್ತೆಯ ಮುಖ ನೋಡಿದೆ. “ಹಿಡ್ಕೋ, ಗುರುಗೆ ಸಂಕೋಚ ಇರಬಾರದು” ಎಂದರು ಅತ್ತೆ. ನೂಲು ಹೊಸೆದು ಹೊಸೆದು ತುದಿ ಒರಟಾದ ಆ ಬೆರಳನ್ನು ಹಿಡಿದು ಅಕ್ಕಿಯ ಮೇಲೆ ನಿಧಾನವಾಗಿ ತಿರುಗಿಸಿದೆ.

“ಇದೇನು?”

“ಅ, ಮಾವ.”

“ಅ” ಎಂದರು ಅವರು, ಬೀದಿಗೆ ಕೇಳುವಷ್ಟು ಜೋರಾಗಿ. ಆಮೇಲೆ ಪಡಸಾಲೆಯಲ್ಲಿದ್ದ ಎಲ್ಲರ ಕಡೆಗೂ ತಿರುಗಿ ಹೇಳಿದರು, “ಕೇಳಿಸ್ತಾ? ಇನ್ಮೇಲೆ ನಮ್ಮ ಅಮ್ಮಿಣಿ ಓದಿದ್ದು ಸರಿಯಾ ತಪ್ಪಾ ಅಂತ ಯಾರಿಗಾದ್ರೂ ಸಂದೇಹ ಬಂದ್ರೆ ನನ್ನ ಕೇಳಿ. ಒಂದಕ್ಷರ ಆಯ್ತು. ಬಾಕಿದೂ ಕಲ್ತು ಹೇಳ್ತೀನಿ.”

ಮತ್ತೆ ಬೆರಳು ಚಾಚಿದರು. ಮುಂದಿನ ಅಕ್ಷರ ಹೇಳಿಕೊಡಲು ಹೋದವಳು ಅತ್ತುಬಿಟ್ಟೆ. ಮಾವ ಅಕ್ಕಿಯನ್ನು ಅಂಗೈಯಿಂದ ಸಮ ಮಾಡಿಕೊಂಡು, ನಾನು ಸುಧಾರಿಸಿಕೊಳ್ಳುವವರೆಗೆ ಕಾದು ಕುಳಿತರು.